ನಾಸ್ತಿಕರು ಯಾವ ಮನೆಯ ಮಕ್ಕಳು?

 



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ನಮ್ಮ ಮನೆಗಳಿಂದ ಮಕ್ಕಳು ಈಗ ದಾವಣಗೆರೆ, ಶಿವಮೊಗ್ಗ, ಬೆಂಗಳೂರಿನ ಕಾಲೇಜು, ಹಾಸ್ಟೆಲುಗಳಿಗೆ ಹೋಗುತ್ತಿದ್ದಾರೆ. ಇದು ಸಂತೋಷದ ವಿಷಯ. ಅದರ ಜೊತೆಗೆ ಜುಮಾ ನಮಾಜ್ ಮುಗಿದ ಮೇಲೆ ತಂದೆತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳೂ ಬದಲಾಗಿವೆ. ಮೊದಲು ವುಝೂ, ಝಕಾತ್, ನಿಕಾಹ್‌ನ ಮಸಲೆಗಳನ್ನು ಕೇಳುತ್ತಿದ್ದರು. ಈಗ ಕೆಲವರು ದನಿ ತಗ್ಗಿಸಿ ಕೇಳುತ್ತಾರೆ: "ಹಜರತ್, ದೇವರೇ ಇಲ್ಲ ಅನ್ನೋರು ಹುಟ್ಟಿನಿಂದಲೇ ಹಾಗಿರ್ತಾರಾ, ಇಲ್ಲಾ ನಮ್ಮಂಥ ಮನೇಲಿ ಬೆಳೆದು ಆಮೇಲೆ ಹಾಗಾಗ್ತಾರಾ?" ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ನಮ್ಮ ಮಗ, ನಮ್ಮ ಮಗಳು ಹಾಗಾದರೆ ಏನು ಮಾಡುವುದು?

ಬೈದು ಮುಗಿಸುವ ವಿಷಯ ಇದಲ್ಲ. ತಿಳಿದುಕೊಳ್ಳಬೇಕಾದ ವಿಷಯ. ಆದ್ದರಿಂದ ಈ ಸಲದ ಜುಮಾ ಪ್ರವಚನದ ಸಾರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ಲೆಕ್ಕ ಏನು ಹೇಳುತ್ತದೆ?

ಮೊದಲು ನಮ್ಮ ದೇಶವನ್ನು ನೋಡೋಣ. 2011ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 121 ಕೋಟಿ. ಅದರಲ್ಲಿ ಧರ್ಮ ಯಾವುದೆಂದು ತಿಳಿಸದವರು ಸುಮಾರು 28.7 ಲಕ್ಷ, ಅಂದರೆ ನೂರರಲ್ಲಿ ಕಾಲು ಪಾಲೂ ಇಲ್ಲ. ನಾಸ್ತಿಕ ಎಂದೇ ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ ಮಂದಿ ಮಾತ್ರ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019-20ರಲ್ಲಿ ನಮ್ಮ ದೇಶದ ಸುಮಾರು 30 ಸಾವಿರ ವಯಸ್ಕರನ್ನು ಮಾತನಾಡಿಸಿತು. ದೇವರನ್ನು ನಂಬುತ್ತೇವೆ ಎಂದವರು ಶೇ. 97. ಅದೇ ಸಂಸ್ಥೆ 2025ರಲ್ಲಿ 36 ದೇಶಗಳ ಅಧ್ಯಯನವನ್ನು ಪ್ರಕಟಿಸಿತು. ಭಾರತದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಬಾಲ್ಯದಲ್ಲಿದ್ದ ಧರ್ಮದಲ್ಲೇ ಇದ್ದಾರೆ. ದಕ್ಷಿಣ ಕೊರಿಯಾದಲ್ಲಾದರೆ ಅರ್ಧದಷ್ಟು ಜನ ಬಾಲ್ಯದ ಧರ್ಮದಲ್ಲಿ ಉಳಿದಿಲ್ಲ.

ಇದರಿಂದ ಒಂದು ಮಾತು ತಾನಾಗಿಯೇ ತಿಳಿಯುತ್ತದೆ. ಹೆಚ್ಚುಕಡಿಮೆ ಎಲ್ಲ ಮನೆಗಳೂ ಯಾವುದೋ ಒಂದು ಧರ್ಮದ ಮನೆಗಳಾಗಿರುವ ನಾಡಿನಲ್ಲಿ ನಾಸ್ತಿಕನೊಬ್ಬ ಇದ್ದರೆ, ಅವನು ಬಂದಿರುವುದೂ ಅಂಥ ಮನೆಯಿಂದಲೇ. ಬೇರೆ ಎಲ್ಲಿಂದ ಬರಬೇಕು? ಅಮೆರಿಕದಲ್ಲೂ ಬಹುಮಟ್ಟಿಗೆ ಇದೇ ಕಥೆ. 2016ರಲ್ಲಿ ಪ್ಯೂ ಸಂಸ್ಥೆ ಪ್ರಕಟಿಸಿದ ಪ್ರಕಾರ, ತಾವು ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವ ಅಮೆರಿಕನ್ನರಲ್ಲಿ ಶೇ. 78 ಮಂದಿ ಒಂದಲ್ಲ ಒಂದು ಧರ್ಮದಲ್ಲಿ ಬೆಳೆದು ನಂತರ ಬಿಟ್ಟವರು.

"ಧರ್ಮ ಗೊತ್ತಿಲ್ಲದವರೇ ನಾಸ್ತಿಕರಾಗುವುದು" ಎಂದು ನಾವು ವೇದಿಕೆಯಲ್ಲಿ ಹೇಳಿಬಿಡುತ್ತೇವೆ. ಅದೂ ಪೂರ್ತಿ ಸರಿಯಲ್ಲ. 2010ರಲ್ಲಿ ಅದೇ ಸಂಸ್ಥೆ ವಿವಿಧ ಧರ್ಮಗಳ ಬಗ್ಗೆ 32 ಪ್ರಶ್ನೆಗಳನ್ನು ಕೇಳಿದಾಗ ಸರಾಸರಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 20.9 ಸರಿಯುತ್ತರ ಕೊಟ್ಟವರು ನಾಸ್ತಿಕರು ಮತ್ತು ಸಂದೇಹವಾದಿಗಳು. ಎಷ್ಟೋ ಮಂದಿ ಓದಿದ್ದಾರೆ, ಕೇಳಿದ್ದಾರೆ, ಆಮೇಲೆ ಬಿಟ್ಟಿದ್ದಾರೆ.

ನಮ್ಮ ನಾಡಿನ ಹೆಸರುಗಳು

ತಮಿಳುನಾಡಿನ ಪೆರಿಯಾರ್ ರಾಮಸ್ವಾಮಿ ಅವರನ್ನು ಎಲ್ಲರೂ ಬಲ್ಲರು. ಅವರು 1879ರಲ್ಲಿ ಈರೋಡಿನಲ್ಲಿ ಹುಟ್ಟಿದರು. ಅವರ ಮನೆಮಾತು ಕನ್ನಡ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ತಂದೆ ಸ್ಥಿತಿವಂತ ವ್ಯಾಪಾರಿ, ದೊಡ್ಡ ವೈಷ್ಣವ ಭಕ್ತರು. ಮನೆಗೆ ಪಂಡಿತರು ಬಂದು ಪುರಾಣ ಹೇಳುತ್ತಿದ್ದರು. ಹುಡುಗ ಅಲ್ಲಿಯೇ ಕುಳಿತು ಕೇಳುತ್ತಿದ್ದ, ಒಂದಕ್ಕೊಂದು ತಾಳೆಯಾಗದ ಕಡೆ ಪ್ರಶ್ನೆ ಎತ್ತುತ್ತಿದ್ದ. 1904ರಲ್ಲಿ ಅವರು ಕಾಶಿಗೆ ಹೋದರು. ಅಲ್ಲಿನ ಛತ್ರದಲ್ಲಿ ಬ್ರಾಹ್ಮಣರಿಗೆ ಮಾತ್ರ ಊಟ ಎಂದು ಅವರನ್ನು ಹೊರಗೆ ಹಾಕಿದರು. ಹಸಿವು ತಾಳಲಾರದೆ ಹೊರಗೆಸೆದ ಎಂಜಲೆಲೆಯಲ್ಲಿದ್ದುದನ್ನು ತಿಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ದಿನದ ನೆನಪನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್ ಅವರದು (1902-1975) ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬ. ಜನಿವಾರ ಬಿಟ್ಟರು, ಮನೆಯಿಂದ ಹೊರಬಿದ್ದರು. ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ಕೆಲಸವನ್ನೂ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿದರು. ಅದು ನಂತರ ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆಯ ವಿರುದ್ಧ ದುಡಿದ ಅವರು ಗಾಂಧೀಜಿಯವರೊಡನೆ ದೇವರ ವಿಷಯವಾಗಿ ನೇರ ಚರ್ಚೆ ನಡೆಸಿದವರು.

ಪವಾಡಗಳ ಗುಟ್ಟು ಬಯಲು ಮಾಡುತ್ತ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಅಬ್ರಹಾಂ ಕೋವೂರ್ (1898-1978) ಕೇರಳದ ತಿರುವಲ್ಲದ ಮಾರ್ ಥೋಮಾ ಪಾದ್ರಿಯೊಬ್ಬರ ಮಗ. ಭಗತ್ ಸಿಂಗ್ ಆರ್ಯಸಮಾಜದ ಪ್ರಭಾವವಿದ್ದ ಕುಟುಂಬದಲ್ಲಿ ಬೆಳೆದು, ಲಾಹೋರಿನ ಡಿ.ಎ.ವಿ. ಶಾಲೆಯಲ್ಲಿ ಓದುವಾಗ ಪ್ರಾರ್ಥನೆ ತಪ್ಪಿಸದ ಹುಡುಗ. 1930ರಲ್ಲಿ ಜೈಲಿನಲ್ಲಿ ಕುಳಿತು ತಾನೇಕೆ ನಾಸ್ತಿಕನಾದೆ ಎಂದು ಬರೆದಾಗ ಆ ಬಾಲ್ಯವನ್ನು ಆತ ಮುಚ್ಚಿಡಲಿಲ್ಲ. ನಮ್ಮ ಕನ್ನಡದಲ್ಲಿ ಎ.ಎನ್. ಮೂರ್ತಿರಾಯರು ಇದ್ದಾರೆ. 1900ರಲ್ಲಿ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಅವರು ತೊಂಬತ್ತರ ವಯಸ್ಸಿನಲ್ಲಿ 'ದೇವರು' ಎಂಬ ಪುಸ್ತಕ ಬರೆದು, ದೇವರಿಲ್ಲ ಎಂಬ ತಮ್ಮ ವಾದವನ್ನು ಶಾಂತವಾಗಿ ಮಂಡಿಸಿದರು.

ಇವರ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಆದರೆ ಇವರ ಬದುಕನ್ನು ನೋಡಿದವರು, ಇವರು ದುರಾಸೆಗೋ ಮೋಜಿಗೋ ಧರ್ಮ ಬಿಟ್ಟರು ಎಂದು ಹೇಳಲಾರರು. ಇವರೆಲ್ಲ ಮಂತ್ರ, ಪುರಾಣ, ಪ್ರಾರ್ಥನೆ ಕೇಳಿ ಬೆಳೆದವರೇ. ಕೆಲವರು ದೇವರ ಹೆಸರಿನಲ್ಲಿ ಅನ್ಯಾಯವನ್ನು ಕಂಡರು. ಕೆಲವರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರದಿಂದ ತೃಪ್ತರಾಗಲಿಲ್ಲ.

ಎಲ್ಲ ಕಡೆಯೂ ಹೀಗೆಯೇ?

ಇಲ್ಲ. ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಮೊದಲ ತಲೆಮಾರಿನವರು ಧರ್ಮವನ್ನು ಬಿಡುತ್ತಾರೆ. ಅವರ ಮಕ್ಕಳಿಗೆ ಬಿಡಲು ಏನೂ ಇರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಮಿಲ್ ಎಂಬ ವಿದ್ವಾಂಸ ಪಾದ್ರಿಯಾಗಲು ಓದಿ, ಆಮೇಲೆ ನಂಬಿಕೆ ಬಿಟ್ಟ. ಮಗ ಜಾನ್ ಸ್ಟುವರ್ಟ್ ಮಿಲ್‌ನನ್ನು ಧರ್ಮವಿಲ್ಲದೆಯೇ ಬೆಳೆಸಿದ. ತಾನು ಧರ್ಮವನ್ನು ತೊರೆದವನಲ್ಲ, ಅದು ತನಗೆ ಇರಲೇ ಇಲ್ಲ, ಇಂಥವರು ತನ್ನ ದೇಶದಲ್ಲಿ ತೀರಾ ವಿರಳ ಎಂಬ ಅರ್ಥದಲ್ಲಿ ಆ ಮಗ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. ಬರ್ಟ್ರಾಂಡ್ ರಸೆಲ್‌ನ ಕಥೆ ಇದಕ್ಕೆ ತಿರುಗುಮುರುಗು. ಅವನು ಹುಟ್ಟಿದ್ದು 1872ರಲ್ಲಿ. ತಂದೆ ನಂಬಿಕೆಯಿಲ್ಲದವನು. ಮಕ್ಕಳನ್ನು ತನ್ನಂಥವರೇ ಬೆಳೆಸಬೇಕೆಂದು ಉಯಿಲು ಬರೆದು ಸತ್ತ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹುಡುಗ ದೈವಭಕ್ತೆ ಅಜ್ಜಿಯ ಕೈಯಲ್ಲಿ ಬೆಳೆದ. ಆದರೂ ಹದಿನೆಂಟರ ಹೊತ್ತಿಗೆ ನಂಬಿಕೆ ಕಳೆದುಕೊಂಡ. ಅವನ ಮೇಲೆ ಪ್ರಭಾವ ಬೀರಿದ ಪುಸ್ತಕ ಆ ಮಿಲ್‌ನ ಆತ್ಮಕಥೆಯೇ.

ನಮ್ಮ ಗೋರಾ ಅವರ ಮಕ್ಕಳನ್ನೂ ಹೀಗೆಯೇ ನೋಡಬಹುದು. ತಂದೆ ಬಿಟ್ಟು ಬಂದವರು. ಲವಣಂ ಮೊದಲಾದ ಮಕ್ಕಳು ನಾಸ್ತಿಕ ಮನೆಯಲ್ಲೇ ಬೆಳೆದು ಆ ಕೇಂದ್ರವನ್ನು ಮುಂದುವರಿಸಿದವರು. ಇಂದು ಚೆಕ್ ಗಣರಾಜ್ಯದಲ್ಲಿ ಯಾವ ಧರ್ಮಕ್ಕೂ ಸೇರದವರೇ ಬಹುಸಂಖ್ಯಾತರು. ಅಲ್ಲಿ ಅಜ್ಜ ಬಿಟ್ಟ, ಅಪ್ಪನಿಗೆ ಗೊತ್ತಿಲ್ಲ, ಮೊಮ್ಮಗ ಕೇಳುವುದೂ ಇಲ್ಲ.

ಮುಸ್ಲಿಂ ಸಮುದಾಯದಲ್ಲೂ ಇಂಥದೊಂದು ನಡೆದಿದೆ. ಯುರೋಪಿನ ಅಲ್ಬೇನಿಯಾ ಮುಸ್ಲಿಮರು ಹೆಚ್ಚಾಗಿದ್ದ ದೇಶ. ಅದರ ಕಮ್ಯುನಿಸ್ಟ್ ಆಡಳಿತಗಾರ ಎನ್ವರ್ ಹೋಜಾ ಸ್ವತಃ ಮುಸ್ಲಿಂ ಮನೆಯ ಮಗ. 1967ರಲ್ಲಿ ಅವನ ಸರಕಾರ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿಸಿತು, ದೇಶವನ್ನೇ ನಾಸ್ತಿಕ ದೇಶವೆಂದು ಸಾರಿತು. ಇಪ್ಪತ್ತಮೂರು ವರ್ಷ ಅಲ್ಲಿ ಬಹಿರಂಗವಾಗಿ ಅಝಾನ್ ಇರಲಿಲ್ಲ. 1990ರ ನವೆಂಬರ್‌ನಲ್ಲಿ ಷ್ಕೊಡರ್ ನಗರದಲ್ಲಿ ಮತ್ತೆ ಜುಮಾ ನಡೆದಾಗ ಮುಂದೆ ನಿಂತವರು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು ಬಂದಿದ್ದ ಹಾಫಿಝ್ ಸಬ್ರಿ ಕೋಚಿ. ಸಾವಿರಾರು ಜನ ಸೇರಿದರು. ಆದರೆ ನಮಾಜ್ ಹೇಗೆ ಮಾಡುವುದೆಂದೇ ಕಲಿಯದೆ ಬೆಳೆದ ಒಂದು ತಲೆಮಾರು ಅಲ್ಲಿತ್ತು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರ ಇಷ್ಟು. ನಂಬಿಕೆ ಬಲವಾಗಿರುವ ನಾಡಿನಲ್ಲಿ ನಾಸ್ತಿಕರು ಬಹುಪಾಲು ಧಾರ್ಮಿಕ ಮನೆಗಳಿಂದ ಹೊರಬಂದವರು. ಎರಡು ಮೂರು ತಲೆಮಾರು ಕಳೆದಿರುವ ನಾಡಿನಲ್ಲಿ ಹಾಗೆಯೇ ಬೆಳೆದವರು. ನಾವಿರುವುದು ಮೊದಲನೆಯ ಬಗೆಯ ನಾಡಿನಲ್ಲಿ. ಆದ್ದರಿಂದ ನಮ್ಮ ಊರಿನ ಹುಡುಗನೊಬ್ಬ ದೇವರಿಲ್ಲ ಎಂದರೆ, ಅವನು ಬಿಟ್ಟಿರುವುದು ನಮ್ಮ ಮನೆಯಲ್ಲಿ, ನಮ್ಮ ಮಕ್ತಬ್‌ನಲ್ಲಿ, ನಮ್ಮ ಮಸೀದಿಯಲ್ಲಿ ಅವನಿಗೆ ಸಿಕ್ಕಿದ್ದನ್ನು. ಏನು ಸಿಕ್ಕಿತ್ತು ಎಂದು ಕೇಳಿಕೊಳ್ಳುವುದು ನಮ್ಮ ಕೆಲಸ.

ಕೇಳಿ ಬೆಳೆಯುವುದು, ನೋಡಿ ಬೆಳೆಯುವುದು

ಪ್ಯೂ ಸಂಸ್ಥೆ ಬಿಟ್ಟವರನ್ನು ಕಾರಣವನ್ನೂ ಕೇಳಿತ್ತು. ಧರ್ಮದಲ್ಲಿ ಬೆಳೆದು ಬಿಟ್ಟ ಅಮೆರಿಕನ್ನರಲ್ಲಿ ಸುಮಾರು ಅರ್ಧ ಮಂದಿ, ತಮಗೆ ನಂಬಿಕೆ ಹುಟ್ಟಲಿಲ್ಲ ಅಥವಾ ಉಳಿಯಲಿಲ್ಲ ಎಂದರು. ಐದರಲ್ಲಿ ಒಬ್ಬರು ಧಾರ್ಮಿಕ ಸಂಸ್ಥೆಗಳ ನಡವಳಿಕೆಯೇ ಬೇಸರ ತಂದಿತು ಎಂದರು.

2021ರಲ್ಲಿ ಮನಶ್ಶಾಸ್ತ್ರಜ್ಞ ವಿಲ್ ಗರ್ವೈಸ್ ಮತ್ತು ಸಂಗಡಿಗರು ಇನ್ನೊಂದು ಅಧ್ಯಯನವನ್ನು ಪ್ರಕಟಿಸಿದರು. 1,400ಕ್ಕೂ ಹೆಚ್ಚು ಅಮೆರಿಕನ್ನರನ್ನು ಪರೀಕ್ಷಿಸಿ, ಯಾರು ನಾಸ್ತಿಕರಾಗುತ್ತಾರೆ ಎಂಬುದನ್ನು ಯಾವ ಅಂಶ ಹೆಚ್ಚು ತಿಳಿಸುತ್ತದೆ ಎಂದು ನೋಡಿದರು. ತರ್ಕಶಕ್ತಿ ಹೆಚ್ಚಿರುವುದು ದೊಡ್ಡ ಕಾರಣವಾಗಿ ಕಾಣಲಿಲ್ಲ. ಎಲ್ಲಕ್ಕಿಂತ ಬಲವಾಗಿ ಕಂಡದ್ದು ಬೇರೆ: ಬಾಲ್ಯದಲ್ಲಿ ಹಿರಿಯರು ತಮ್ಮ ನಂಬಿಕೆಯಂತೆ ನಡೆಯುವುದನ್ನು ಮಗು ಎಷ್ಟು ನೋಡಿತ್ತು ಎಂಬುದು. ಹಿರಿಯರ ನಡೆಯಲ್ಲಿ ನಂಬಿಕೆಯನ್ನು ಕಾಣದೆ ಬೆಳೆದವರು ದೊಡ್ಡವರಾದ ಮೇಲೆ ನಂಬದವರಾಗುವ ಸಾಧ್ಯತೆ ಹೆಚ್ಚಾಗಿತ್ತು.

ಸಹೋದರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಜನಗಣತಿಯಲ್ಲಿ ಮುಸ್ಲಿಂ ಎಂದು ಬರೆಸಿದ ಮನೆಗಳೆಲ್ಲ ಮಗುವಿಗೆ ದೀನ್ ತೋರಿಸಿದ ಮನೆಗಳಲ್ಲ. "ಏಳೋ, ಫಜರ್ ಆಯ್ತು" ಎಂದು ಮಗನನ್ನು ಎಬ್ಬಿಸಿ ತಾನು ಹೊದ್ದು ಮಲಗುವ ತಂದೆ, ಮಗನಿಗೆ ಏನು ಕಲಿಸಿದ? ಅಡಿಕೆ ಮಾರಿದ ಹಣ ಕೈಗೆ ಬಂದಾಗ ಝಕಾತ್‌ನ ಲೆಕ್ಕ ಮುಂದಿನ ವರ್ಷಕ್ಕೆ ಹೋಗುತ್ತದೆ. ಮಗನ ಮದುವೆಯಲ್ಲಿ ಮಹರ್ ಎಷ್ಟೆಂದು ಒಂದೇ ಮಾತಿನಲ್ಲಿ ಮುಗಿಯುತ್ತದೆ, ವರದಕ್ಷಿಣೆ ಎಷ್ಟೆಂದು ವಾರಗಟ್ಟಲೆ ನಡೆಯುತ್ತದೆ. ಮಸೀದಿಯ ಕಮಿಟಿ ಚುನಾವಣೆಯಲ್ಲಿ ಎರಡು ಗುಂಪಾದವರು ಒಂದೇ ಸಫ್‌ನಲ್ಲಿ ನಿಂತು ಒಬ್ಬರಿಗೊಬ್ಬರು ಸಲಾಮ್ ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿರುವ ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ.

ಇನ್ನೊಂದನ್ನು ಹೇಳದೆ ಇರಲಾಗದು. ಸೂರಃ ಅನ್ನಿಸಾದ 7 ಮತ್ತು 11ನೇ ಆಯತ್‌ಗಳಲ್ಲಿ ಅಲ್ಲಾಹನು ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲನ್ನು ನಿಗದಿ ಮಾಡಿದ್ದಾನೆ. ಅದನ್ನು ಮಗಳು ಮಕ್ತಬ್‌ನಲ್ಲಿ ಓದುತ್ತಾಳೆ. ದೊಡ್ಡವಳಾದ ಮೇಲೆ ಅವಳನ್ನೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, "ಅಣ್ಣತಮ್ಮಂದಿರ ಪ್ರೀತಿ ಉಳೀಬೇಕಲ್ಲಮ್ಮಾ" ಎಂದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮನೆಗಳು ನಮ್ಮಲ್ಲಿಲ್ಲವೇ? ಆ ಮಗಳಿಗೆ, ಅವಳ ಮಗಳಿಗೆ, ಧರ್ಮ ಎಂದರೆ ಗಂಡಸರು ತಮಗೆ ಬೇಕಾದಾಗ ತೆಗೆಯುವ, ಬೇಡವಾದಾಗ ಮುಚ್ಚುವ ಪುಸ್ತಕ ಎಂದು ಅನಿಸಿದರೆ ಆ ಅನಿಸಿಕೆ ಬಂದದ್ದು ಎಲ್ಲಿಂದ? ಕಾಶಿಯ ಛತ್ರದ ಬಾಗಿಲಲ್ಲಿ ಹಸಿದು ನಿಂತವನ ಕಥೆಯನ್ನು ಬೇರೆಯವರ ಕಥೆ ಎಂದು ನಾವು ಓದುವಂತಿಲ್ಲ.

ಭಾಷೆಯ ಮಾತೂ ಇದೆ. ನಮ್ಮ ಮಕ್ಕಳು ಮನೆಯಲ್ಲಿ ಉರ್ದು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಮಕ್ತಬ್‌ನಲ್ಲಿ ಅರಬಿ ಅಕ್ಷರ ಕೂಡಿಸಿ ನಾಝಿರಾ ಮುಗಿಸುತ್ತಾರೆ. ಎಷ್ಟೋ ಮಕ್ಕಳಿಗೆ ಉರ್ದು ಓದಲು ಬರುವುದಿಲ್ಲ, ಅರಬಿ ಅರ್ಥವಾಗುವುದಿಲ್ಲ. ವಿಜ್ಞಾನ, ಇತಿಹಾಸವನ್ನು ಅರ್ಥ ಮಾಡಿಕೊಂಡು ಓದುವ ಹುಡುಗನಿಗೆ ದೀನ್ ಮಾತ್ರ ಅರ್ಥವಿಲ್ಲದ ಉಚ್ಚಾರವಾಗಿ ಉಳಿದರೆ, ಹದಿನೆಂಟನೇ ವಯಸ್ಸಿನಲ್ಲಿ ಬರುವ ಪ್ರಶ್ನೆಗೆ ಅವನ ಬಳಿ ಹನ್ನೊಂದನೇ ವಯಸ್ಸಿನ ಉತ್ತರವೇ ಇರುತ್ತದೆ. ಕುರ್‌ಆನಿನ ಅನುವಾದ, ಪ್ರವಾದಿ(ಸ)ರ ಜೀವನ ಕನ್ನಡದಲ್ಲಿ ಸಿಗುತ್ತವೆ. ಮನೆಯ ಕಪಾಟಿನಲ್ಲಿ ಅವು ಇವೆಯೇ?

ಪ್ರಶ್ನೆ ಕೇಳಿದವರು ಯಾರ್‍ಯಾರು?

ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯ ಮೇಲೆ, ಅಂದರೆ ಫಿತ್ರತ್‌ನ ಮೇಲೆ ಹುಟ್ಟುತ್ತದೆ, ಆಮೇಲೆ ತಂದೆತಾಯಿಯರೇ ಅದನ್ನು ಬೇರೆ ಬೇರೆ ಮತಗಳಿಗೆ ಸೇರಿಸುತ್ತಾರೆ ಎಂದು ಪ್ರವಾದಿ(ಸ)ರು ತಿಳಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಬಂದಿದೆ. ಈ ಹದೀಸನ್ನು ನಾವು ಸಾಮಾನ್ಯವಾಗಿ ಬೇರೆಯವರ ಬಗ್ಗೆ ಹೇಳುತ್ತೇವೆ. ಇಮಾಮ್ ಗಝಾಲಿ(ರ) ಇದನ್ನು ತಮ್ಮ ಮೇಲೆಯೇ ಹಾಕಿಕೊಂಡು ಯೋಚಿಸಿದರು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಯರ ಮಕ್ಕಳು ಯಹೂದಿಯರಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುತ್ತಾರೆ. ಹಾಗಾದರೆ ತನ್ನ ನಂಬಿಕೆ ಬರೀ ಮನೆಯಿಂದ ಬಂದದ್ದೇ, ಇಲ್ಲ ಸತ್ಯವೆಂದು ತಿಳಿದು ಬಂದದ್ದೇ? ಈ ಹುಡುಕಾಟದಲ್ಲಿ ಅವರು ಕಣ್ಣು ಕಿವಿಗಳನ್ನೂ ನಂಬಲಾರದಂಥ ಸಂಶಯದಲ್ಲಿ ಸುಮಾರು ಎರಡು ತಿಂಗಳು ಕಳೆದರು. 1095ರಲ್ಲಿ ಬಗ್ದಾದಿನ ನಿಝಾಮಿಯ್ಯ ಮದರಸದ ದೊಡ್ಡ ಹುದ್ದೆಯನ್ನೇ ಬಿಟ್ಟು ಹೊರಟರು. ಇದನ್ನೆಲ್ಲ ಅವರು ತಮ್ಮ 'ಅಲ್ ಮುನ್ಕಿಝ್' ಎಂಬ ಕೃತಿಯಲ್ಲಿ ತಾವೇ ಬರೆದಿದ್ದಾರೆ. ಆ ಸಂಶಯದ ದಾರಿಯನ್ನು ದಾಟಿ ಬಂದವರನ್ನು ಉಮ್ಮತ್ 'ಹುಜ್ಜತುಲ್ ಇಸ್ಲಾಂ' ಎಂದು ಕರೆಯಿತು.

ಕುರ್‌ಆನ್ ಪ್ರಶ್ನೆಗಳಿಗೆ ಹೆದರುವ ಗ್ರಂಥವಲ್ಲ. ಭೂಮಿಯಲ್ಲಿ ಮನುಷ್ಯನನ್ನು ನೇಮಿಸುವೆನೆಂದು ಅಲ್ಲಾಹನು ಹೇಳಿದಾಗ ದೇವಚರರು ಏಕೆಂದು ಕೇಳಿದರು (ಅಲ್‌ಬಕರಃ 30). ಅವರನ್ನು ಓಡಿಸಲಿಲ್ಲ, ತಿಳಿಸಿಕೊಟ್ಟನು. ಇಬ್ರಾಹೀಮ್(ಅ)ರು ಸತ್ತವರನ್ನು ಹೇಗೆ ಜೀವಂತಗೊಳಿಸುವೆ, ತೋರಿಸು ಎಂದು ಬೇಡಿದರು. ನಿನಗೆ ನಂಬಿಕೆಯಿಲ್ಲವೇ ಎಂದಾಗ, ಇದೆ, ಮನಸ್ಸಿಗೆ ನೆಮ್ಮದಿ ಬೇಕು ಎಂದರು (ಅಲ್‌ಬಕರಃ 260). ಆ ಬೇಡಿಕೆ ತಿರಸ್ಕಾರವಾಗಲಿಲ್ಲ. ಹಿರಿಯರು ಮಾಡಿದ್ದೇ ಸರಿ ಎಂದು ಕಣ್ಣುಮುಚ್ಚಿ ನಡೆಯುವವರನ್ನು ಅದೇ ಸೂರಃದ 170ನೇ ಆಯತ್ ಎಚ್ಚರಿಸುತ್ತದೆ. ಕೆಲವು ಸಹಾಬಿಗಳು ಬಂದು, ಬಾಯಿಬಿಟ್ಟು ಹೇಳಲೂ ಅಂಜುವಂಥ ಯೋಚನೆಗಳು ಮನಸ್ಸಿಗೆ ಬರುತ್ತವೆ ಎಂದಾಗ ಪ್ರವಾದಿ(ಸ)ರು ಅವರನ್ನು ಗದರಲಿಲ್ಲ. ಆ ಅಂಜಿಕೆಯೇ ಈಮಾನಿನ ಗುರುತು ಎಂದು ಸಮಾಧಾನ ಹೇಳಿದರು. ಇದು ಸಹೀಹ್ ಮುಸ್ಲಿಂನಲ್ಲಿದೆ.

ಅಮೆರಿಕದ ಗಣಿತ ಪ್ರಾಧ್ಯಾಪಕ ಜೆಫ್ರಿ ಲ್ಯಾಂಗ್ ಕ್ಯಾಥೋಲಿಕ್ ಮನೆಯಲ್ಲಿ ಬೆಳೆದು, ಹದಿನೆಂಟರೊಳಗೆ ನಾಸ್ತಿಕರಾಗಿ, 1980ರ ದಶಕದ ಆರಂಭದಲ್ಲಿ ಇಸ್ಲಾಂ ಸ್ವೀಕರಿಸಿದವರು. ಅವರ ಒಂದು ಪುಸ್ತಕದ ಹೆಸರಿನ ಅರ್ಥವೇ 'ದೇವಚರರೂ ಕೇಳುತ್ತಾರೆ' ಎಂದು. ಬಿಟ್ಟು ಹೋಗುವ ದಾರಿ ಇರುವಂತೆ ಬರುವ ದಾರಿಯೂ ಇದೆ. ಎರಡರ ಮೇಲೂ ನಡೆಯುವವರು ಪ್ರಶ್ನೆ ಹೊತ್ತುಕೊಂಡೇ ನಡೆಯುತ್ತಾರೆ.

ಆದ್ದರಿಂದ ಎಂಟು ವರ್ಷದ ಮಗು "ಅಬ್ಬಾ, ಅಲ್ಲಾಹನನ್ನು ಯಾರು ಹುಟ್ಟಿಸಿದರು?" ಎಂದು ಕೇಳಿದರೆ "ತೋಬಾ ತೋಬಾ, ಬಾಯಿ ಮುಚ್ಚು" ಎನ್ನಬೇಡಿ. ಹುಟ್ಟಿದ್ದಕ್ಕೆಲ್ಲ ಹುಟ್ಟಿಸಿದವನೊಬ್ಬ ಬೇಕು, ಅವನೂ ಹುಟ್ಟಿದವನಾದರೆ ಲೆಕ್ಕ ಎಲ್ಲಿಯೂ ಮುಗಿಯುವುದಿಲ್ಲ, ಹುಟ್ಟದೇ ಇರುವವನನ್ನೇ ನಾವು ಅಲ್ಲಾಹ್ ಎನ್ನುವುದು ಎಂದು ತಿಳಿಸಿ. ಸೂರಃ ಇಖ್ಲಾಸ್‌ನ ಅರ್ಥವನ್ನು ಆಗಲೇ ಹೇಳಿಕೊಡಿ. ನಿಮಗೆ ಗೊತ್ತಿಲ್ಲದಿದ್ದರೆ "ಬಾ, ಹಜರತ್ತರನ್ನು ಕೇಳೋಣ" ಎನ್ನಿ. ನಮಗೂ ಗೊತ್ತಿಲ್ಲದಿದ್ದರೆ ಇನ್ನೂ ತಿಳಿದವರನ್ನು ಕೇಳೋಣ. ಬಾಯಿ ಮುಚ್ಚಿಸಿಕೊಂಡ ಪ್ರಶ್ನೆ ಸಾಯುವುದಿಲ್ಲ. ಮೊಬೈಲಿನಲ್ಲಿ ಯಾರನ್ನೋ ಕೇಳುತ್ತದೆ.

ತಪ್ಪೆಲ್ಲ ತಂದೆತಾಯಿಯದೇ?

ಹೀಗೆ ಹೇಳಿದಾಗ ಕೆಲವು ತಾಯಂದಿರ ಮನಸ್ಸು ನೋಯುತ್ತದೆಂದು ನಮಗೆ ಗೊತ್ತು. ತಹಜ್ಜುದ್ ತಪ್ಪಿಸದ ತಾಯಿಯ ಮಗನೂ ದೂರ ಹೋಗಬಹುದು. ಅಂಥವರು ನೂಹ್(ಅ)ರನ್ನು ನೆನೆಯಲಿ. ಪ್ರವಾದಿಯ ಮನೆಗಿಂತ ಒಳ್ಳೆಯ ಮನೆ ಯಾವುದು? ಆದರೂ ಪ್ರವಾಹ ಬಂದಾಗ ಮಗ ಹಡಗು ಹತ್ತಲಿಲ್ಲ (ಸೂರಃ ಹೂದ್ 42-43). ಇಬ್ರಾಹೀಮ್(ಅ)ರಿಗೆ ವಿಗ್ರಹ ಪೂಜಿಸುವ ತಂದೆಯಿದ್ದರು. ಪಾಲನೆ ದೊಡ್ಡದು, ಆದರೆ ಅದೇ ಎಲ್ಲವೂ ಅಲ್ಲ. ಹಿದಾಯತ್ ಅಲ್ಲಾಹನ ಕೈಯಲ್ಲಿದೆ. ತಾಯಿತಂದೆಯರನ್ನು ಕೇಳಲಾಗುವುದು ಅವರು ಏನು ಮಾಡಿದರೆಂಬುದನ್ನು ಮಾತ್ರ. ಆದ್ದರಿಂದ ಜಮಾತಿನವರು ಅಂಥ ಮನೆಯನ್ನು ಬೊಟ್ಟು ಮಾಡಿ ತೋರಿಸುವುದು, ಆ ಮನೆಯ ಹೆಣ್ಣುಮಕ್ಕಳ ಸಂಬಂಧಗಳನ್ನು ಮುರಿಯುವುದು ಝುಲ್ಮ್.

ಇನ್ನೊಂದು ಎಚ್ಚರವೂ ಬೇಕು. ಜುಮಾಕ್ಕೆ ಬಾರದ ಹುಡುಗನೆಲ್ಲ ನಾಸ್ತಿಕನಲ್ಲ. ಒಬ್ಬ ಸೋಮಾರಿ, ಒಬ್ಬನಿಗೆ ಯಾರದೋ ಮೇಲೆ ಸಿಟ್ಟು, ಒಬ್ಬನಿಗೆ ಸಂಶಯ. ನಿಜವಾಗಿಯೂ ಇಲ್ಲ ಎನ್ನುವವನು ಎಲ್ಲೋ ಒಬ್ಬ. ಸಿಟ್ಟಿನಲ್ಲಿರುವವನಿಗೆ "ನೀನು ನಾಸ್ತಿಕ" ಎಂದು ಹೆಸರಿಟ್ಟರೆ ಅವನು ಆ ಹೆಸರನ್ನೇ ಹೊತ್ತು ಹೊರಡುತ್ತಾನೆ. ಕುಫ್ರ್‌ನ ಮುದ್ರೆ ಒತ್ತುವ ಕೆಲಸ ಚಹಾದಂಗಡಿಯಲ್ಲಿ ಕುಳಿತವರದಲ್ಲ.

ಅವನು ಹೇಳಿಯೇಬಿಟ್ಟರೆ?

2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ, ಮುಸ್ಲಿಂ ಮನೆಯಲ್ಲಿ ಹುಟ್ಟಿ ನಾಸ್ತಿಕನಾಗಿದ್ದ 31 ವರ್ಷದ ಯುವಕನೊಬ್ಬನನ್ನು ಕಡಿದು ಕೊಂದರು. ಆ ಪ್ರಕರಣದಲ್ಲಿ ಬಂಧಿತರಾದವರು ಮುಸ್ಲಿಮರು. ದೀನನ್ನು ಕಾಪಾಡುವ ಹೆಸರಿನಲ್ಲಿ ಇಂಥ ಕೆಲಸ ಮಾಡುವವರಿಗೆ ನಾವು ಮಿಂಬರಿನಿಂದ ಸ್ಪಷ್ಟವಾಗಿ ಹೇಳುತ್ತೇವೆ: ಇದು ಕೊಲೆ, ಇದು ಹರಾಮ್. ಯಾರಿಗೂ ಇದರ ಅಧಿಕಾರವಿಲ್ಲ. ದೀನಿನಲ್ಲಿ ಬಲವಂತವಿಲ್ಲ ಎಂದು ಸಾರಿದ್ದು ಅಲ್‌ಬಕರಃದ 256ನೇ ಆಯತ್. ಆ ಕೊಲೆಯ ನಂತರ ಏನಾಯಿತು ಗೊತ್ತೇ? ಸತ್ತವನ ತಂದೆ, ತಾನೂ ಮಗನ ಸಂಘಟನೆಯನ್ನೇ ಸೇರುತ್ತೇನೆ ಎಂದರೆಂದು ಪತ್ರಿಕೆಗಳಲ್ಲಿ ಬಂತು. ಕತ್ತಿ ಹಿಡಿದವರು ಅಲ್ಲಾಹನ ದೀನಿಗೆ ಒಬ್ಬನನ್ನೂ ತರಲಿಲ್ಲ, ಇನ್ನೊಬ್ಬರನ್ನು ದೂರ ಮಾಡಿದರು.

ಮಗ ಹೇಳಿಬಿಟ್ಟ ದಿನ ಮನೆಯವರು ಏನು ಮಾಡಬೇಕು? ಇಬ್ರಾಹೀಮ್(ಅ)ರ ತಂದೆ ಕಲ್ಲೆಸೆದು ಕೊಲ್ಲುವೆನೆಂದು ಬೆದರಿಸಿ ಹೊರಗೆ ಹೋಗೆಂದಾಗ ಮಗ ಕೊಟ್ಟ ಉತ್ತರ ಸಲಾಮ್, ಮತ್ತು ನಿಮಗಾಗಿ ಕ್ಷಮೆ ಬೇಡುವೆನೆಂಬ ಮಾತು (ಸೂರಃ ಮರ್ಯಮ್ 46-47). ಶಿರ್ಕ್‌ಗೆ ಒತ್ತಾಯಿಸುವ ತಂದೆತಾಯಿಯರ ಮಾತು ಕೇಳಬೇಡ, ಆದರೆ ಲೋಕದ ಬಾಳಿನಲ್ಲಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿರು ಎಂದು ಸೂರಃ ಲುಕ್ಮಾನ್ 15ರಲ್ಲಿ ಆದೇಶವಿದೆ. ನಂಬಿಕೆ ಬೇರೆಯಾದರೂ ರಕ್ತಸಂಬಂಧ ಕಡಿಯಬಾರದೆಂದು ಇದರಿಂದ ತಿಳಿಯುತ್ತದೆ. ಮಕ್ಕಳಿಗೆ ಇದು ಆದೇಶವಾದರೆ ಹಿರಿಯರಿಗೆ ಇನ್ನೂ ಹೆಚ್ಚು ಸಹನೆ ಬೇಡವೇ?

ಅಬೂಬಕ್ಕರ್ ಸಿದ್ದೀಕ್(ರ)ರ ಮನೆಯನ್ನು ನೋಡಿ. ಮಗ ಅಬ್ದುರ್ರಹ್ಮಾನ್ ಬದ್ರ್ ಯುದ್ಧದಲ್ಲಿ ಶತ್ರುಗಳ ಕಡೆ ನಿಂತಿದ್ದರು. ತಂದೆ ಪ್ರವಾದಿ(ಸ)ರ ಬಳಿಯಲ್ಲಿ, ಮಗ ಎದುರಿನ ಸೈನ್ಯದಲ್ಲಿ. ಅದೇ ಮಗ ವರ್ಷಗಳ ನಂತರ, ಹುದೈಬಿಯಾ ಒಪ್ಪಂದದ ಸುಮಾರಿಗೆ, ಇಸ್ಲಾಂ ಸ್ವೀಕರಿಸಿ ಸಹಾಬಿಯಾದರು. ಬದ್ರ್‌ನ ದಿನವೇ ಆ ಮನೆಯ ಲೆಕ್ಕ ಮುಗಿಯಿತೆಂದು ಬರೆದುಬಿಟ್ಟಿದ್ದರೆ?

ಹಾಗಾಗಿ ಬಾಗಿಲು ಮುಚ್ಚಬೇಡಿ. ಊಟಕ್ಕೆ ಕರೆಯಿರಿ. ಈದ್‌ಗೆ ಬಟ್ಟೆ ತನ್ನಿ. ಫೋನ್ ಮಾಡಿದಾಗಲೆಲ್ಲ ವಾದಕ್ಕಿಳಿಯಬೇಡಿ, ಅವನು ಹೇಳುವುದನ್ನು ಒಮ್ಮೆ ಪೂರ್ತಿ ಕೇಳಿ. ನೀವು ಕೇಳುತ್ತಿದ್ದೀರಿ ಎಂದು ಅವನಿಗೆ ಗೊತ್ತಾದರೆ ನಿಮ್ಮ ಮಾತಿಗೂ ಕಿವಿ ಕೊಡುತ್ತಾನೆ. ಅವನಿಗೆ ನಮ್ಮೊಡನೆ ಮಾತನಾಡಬೇಕೆನಿಸಿದರೆ ಕಳಿಸಿ. ಮಸೀದಿಯಲ್ಲಿ ಬೇಡವೆಂದರೆ ಕೆರೆ ದಂಡೆಯಲ್ಲಾದರೂ ಕೂರೋಣ. ಗೆಲ್ಲುವ ಮಾತು ಅಲ್ಲಿ ಇರುವುದಿಲ್ಲ.

ಈ ನಾಲ್ಕು ತಾಲೂಕುಗಳ ಜಮಾತುಗಳಿಗೆ ನಮ್ಮದೊಂದು ವಿನಂತಿ. ತಿಂಗಳಿಗೊಂದು ಸಂಜೆ, ಹೈಸ್ಕೂಲು ಕಾಲೇಜಿನ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಪ್ರಶ್ನೋತ್ತರ ಕೂಟ ಇಡಿ. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲಿ. ಯಾವ ಪ್ರಶ್ನೆಗೂ ಬೈಗುಳವಿರಬಾರದು. ಅದಕ್ಕೂ ಮೊದಲು ಪ್ರತಿ ಮನೆಯಲ್ಲೂ ಒಂದು ಕೆಲಸವಾಗಲಿ. ಬಾಕಿ ಉಳಿದ ಝಕಾತ್, ಕೊಡದೆ ಉಳಿದ ತಂಗಿಯ ಪಾಲು, ಮಾತು ಬಿಟ್ಟ ಅಣ್ಣ, ಇವುಗಳಲ್ಲಿ ಯಾವುದಾದರೂ ಒಂದನ್ನು ಮಕ್ಕಳ ಕಣ್ಣೆದುರೇ ಸರಿಪಡಿಸಿ.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳನ್ನು ಈಮಾನಿನ ಮೇಲೆ ನೆಲೆಗೊಳಿಸಲಿ. ದೂರ ಹೋದವರಿಗೆ ಮರಳುವ ದಾರಿಯನ್ನು ಸುಲಭಗೊಳಿಸಲಿ. ಅವರು ಮರಳಿ ಬಂದಾಗ ಮುಚ್ಚಿದ ಬಾಗಿಲುಗಳಾಗಿ ನಾವು ನಿಲ್ಲದಂತೆ ನಮ್ಮನ್ನು ಕಾಪಾಡಲಿ. ಆಮೀನ್.